ಸಂವಹನ ವಿಭಾಗದ ಜೋಡೆತ್ತು

ಡಾ. ಚಿದಾನಂದಪ್ಪನವರು ತಾವು ಓದಿದ ವಿಷಯದ ಹೆಸರು ಹೇಳಿದರೆ ಬಳ್ಳಾರಿಯ ಜನ ಎರಡು ಪ್ರಶ್ನೆ ಕೇಳುತ್ತಿದ್ದರು. ಅದಕ್ಕೆ ನೌಕರಿ ಸಿಗುತ್ತದೆಯೇ ಎಂಬುದು ಮೊದಲನೆಯದು. ಸಿಕ್ಕಿದೆ ಎಂದರೆ, ಹಾಗಾದರೆ ಅಲ್ಲಿ ಮಾಡುವ ಕೆಲಸವೇನು ಎಂಬುದು ಎರಡನೆಯದು. ಎರಡನೆಯ ಪ್ರಶ್ನೆಗೆ ಅವರು ಕೊಡುತ್ತಿದ್ದ ಉತ್ತರ ಬಹು ದೀರ್ಘವಾಗಿರುತ್ತಿದ್ದುದರಿಂದ ಮೂರನೆಯ ಪ್ರಶ್ನೆ ಯಾರಿಂದಲೂ ಬರುತ್ತಿರಲಿಲ್ಲ.

ವಿಷಯದ ಹೆಸರು ಮಾನವ-ಗಣಕ ಸಂವಹನ. ಗಣಕಯಂತ್ರವನ್ನು, ಅಂದರೆ ಕಂಪ್ಯೂಟರನ್ನು, ಅದರ ಗಂಧಗಾಳಿ ಇಲ್ಲದ ಮನುಷ್ಯನೂ ಅಂಜದೆ ಬಳಸುವಂತೆ ರೂಪಿಸುವುದು ಹೇಗೆಂದು ವಿಚಾರಿಸುವ ಶಾಸ್ತ್ರ. ಉತ್ತರದ ದೊಡ್ಡ ಸಂಸ್ಥೆಯೊಂದರಲ್ಲಿ ಈ ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, 1984ರಲ್ಲಿ ಅವರು ಬಳ್ಳಾರಿಯ ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದನ್ನು ಸೇರಿದಾಗ, ಅವರನ್ನು ಎಲ್ಲಿ ಕೂರಿಸಬೇಕೆಂಬುದು ಪ್ರಾಂಶುಪಾಲ ಗವಿಸಿದ್ದಪ್ಪನವರಿಗೆ ಹೊಳೆಯಲಿಲ್ಲ. ಹೆಸರಿನಲ್ಲಿ ‘ಗಣಕ’ ಇದೆಯೆಂದು ಎಲೆಕ್ಟ್ರಾನಿಕ್ಸ್ ವಿಭಾಗಕ್ಕೆ ಕಳುಹಿಸಿದರು. ಅಲ್ಲಿನವರು ಹೆಸರಿನಲ್ಲಿ ‘ಮಾನವ’ ಇದೆಯೆಂದು ಇಂಗ್ಲಿಷ್ ವಿಭಾಗಕ್ಕೆ ದಾಟಿಸಿದರು. ಮಾನವರ ವಿಷಯದಲ್ಲಿ ತಮಗೆ ಯಾವ ಹೊಣೆಯೂ ಇಲ್ಲವೆಂದು ಇಂಗ್ಲಿಷಿನವರು ಕೈತೊಳೆದುಕೊಂಡ ಮೇಲೆ, ವರ್ಕ್‌ಶಾಪಿನ ಪಕ್ಕದ ಉಗ್ರಾಣದಲ್ಲಿ, ತುಕ್ಕು ಹಿಡಿದ ಲೇತ್ ಯಂತ್ರವೊಂದರ ಎದುರಿಗೆ ಅವರಿಗೊಂದು ಮೇಜು ದೊರೆಯಿತು.

ಕಾಲೇಜಿನಲ್ಲಿ ಕಂಪ್ಯೂಟರ್ ಇರಲಿಲ್ಲವೆಂದಲ್ಲ. ಒಂದಿತ್ತು. ಗಾಜಿನ ಕೋಣೆಯಲ್ಲಿ, ಇಡೀ ಕಾಲೇಜಿಗೆ ಇದ್ದ ಏಕೈಕ ಹವಾನಿಯಂತ್ರಕದ ತಂಪಿನಲ್ಲಿ, ಹೂವಿನ ಕಸೂತಿಯ ಮುಸುಕು ಹೊದ್ದು ಕುಳಿತಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಹೋಗಲು ಪ್ರಾಂಶುಪಾಲರ ಸಹಿ ಬೇಕು. ಮುಟ್ಟಲು ಇನ್ನೊಂದು ಸಹಿ ಬೇಕು. ಮನುಷ್ಯನನ್ನು ಯಂತ್ರದ ಹತ್ತಿರಕ್ಕೆ ತರುವ ಶಾಸ್ತ್ರವನ್ನು ಚಿದಾನಂದಪ್ಪನವರು ಮನುಷ್ಯರು ಹತ್ತಿರ ಸುಳಿಯದಂತೆ ಕಾದಿಟ್ಟ ಯಂತ್ರವೊಂದರ ನೆರಳಿನಲ್ಲಿ ಬೋಧಿಸುತ್ತಿದ್ದರು. ‘ವಿನ್ಯಾಸಕಾರನು ಬಳಕೆದಾರನ ಅನಾನುಕೂಲಗಳನ್ನು ಕಿವಿಗೊಟ್ಟು ಕೇಳತಕ್ಕದ್ದು’ ಎಂದು ಅವರು ಟಿಪ್ಪಣಿ ಬರೆಸುತ್ತಿರುವಾಗ ಹಿಂದಿನ ಬೆಂಚಿನಿಂದ “ಸರ, ಫ್ಯಾನ್ ನಿಂತೈತ್ರಿ” ಎಂದು ಯಾರಾದರೂ ಕೂಗಿದರೆ, “ಪ್ರಶ್ನೆಗಳು ಕೊನೆಯಲ್ಲಿ” ಎಂದು ಮುಂದುವರಿಯುತ್ತಿದ್ದರು. ಪರೀಕ್ಷೆಯಲ್ಲಿ ಹುಡುಗರು ಆ ವಾಕ್ಯವನ್ನು ಒಂದಕ್ಷರ ತಪ್ಪದೆ ಬರೆದು ಪೂರ್ಣ ಅಂಕ ಪಡೆಯುತ್ತಿದ್ದರು.

ಅವರ ಹುದ್ದೆ ಮೂರು ವರ್ಷದ್ದು, ತಾತ್ಕಾಲಿಕ. 1987ರ ಮಾರ್ಚಿಗೆ ಅದು ಮುಗಿಯುತ್ತಿತ್ತು. ಅಷ್ಟರೊಳಗೆ ದೆಹಲಿಯ ಪರಿಣತರ ಸಮಿತಿ ಬಂದು ಅವರ ಸಂಶೋಧನೆಯನ್ನು ಒಪ್ಪಿದರೆ ಹೊಸ ವಿಭಾಗ ಹುಟ್ಟುತ್ತದೆ, ಚಿದಾನಂದಪ್ಪನವರು ಅದರ ಮೊದಲ ಪ್ರಾಧ್ಯಾಪಕರಾಗುತ್ತಾರೆ. ಒಪ್ಪದಿದ್ದರೆ ಏನೆಂಬುದನ್ನು ಗವಿಸಿದ್ದಪ್ಪನವರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

“ಡ್ರಾಯಿಂಗ್ ಕಲಿಸೋ ಕಾಡಸಿದ್ದಪ್ಪ ರಿಟೈರ್ ಆಗ್ತಾನ. ಟಿ-ಸ್ಕ್ವೇರ್ ಹಿಡಿಯಾಕ ನಿಮಗ ಬರ್ತೈತಲ್ಲ?”

ಹೀಗಾಗಿ ‘ದರದರ್ಶಿನಿ’ ಎಂಬ ಯಂತ್ರದ ಮೇಲೆ ಚಿದಾನಂದಪ್ಪನವರ ಬಾಳು ನಿಂತಿತ್ತು. ಬೇರೆ ಬೇರೆ ಪೇಟೆಗಳ ದರಗಳನ್ನು ತುಂಬಿಟ್ಟುಕೊಂಡ, ಸಾಗಿಸಬಹುದಾದಷ್ಟು ಸಣ್ಣ, ಬಿಡಿಭಾಗ ತರಿಸಿ ಅವರೇ ಜೋಡಿಸಿದ ಕಂಪ್ಯೂಟರ್ ಅದು. ರೈತ ಅದರ ಮುಂದೆ ಕುಳಿತು, ತಾನು ಹೇಳಬೇಕೆಂದಿರುವ ಬೆಲೆಯನ್ನು ಒತ್ತಿದರೆ, ಆ ಬೆಲೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ಪರದೆ ಕನ್ನಡದಲ್ಲಿಯೇ ತಿಳಿಸುತ್ತಿತ್ತು. ಕನ್ನಡದ ಅಕ್ಷರಗಳನ್ನು ಚುಕ್ಕಿ ಚುಕ್ಕಿಯಾಗಿ ಕೂಡಿಸಿದವರು ಚಿದಾನಂದಪ್ಪನವರೇ. ಅಕ್ಷರಗಳು ಕೋಣೆಯ ಕೊನೆಯ ಗೋಡೆಗೆ ಒರಗಿ ನಿಂತವನಿಗೂ ಓದಲು ಬರುವಷ್ಟು ದೊಡ್ಡವಾಗಿದ್ದವು. ಇದು ಅವರ ವಿಶೇಷ ಹೆಮ್ಮೆ. ಕೀಲಿಗಳು ಎಷ್ಟು ಅಗಲವಿರಬೇಕೆಂದು ನಿರ್ಧರಿಸಲು ಅವರು ಸಿರುಗುಪ್ಪದ ರೈತರ ಹೆಬ್ಬೆರಳುಗಳನ್ನು ಅಳೆಯಹೊರಟಿದ್ದೂ ಉಂಟು. ಅಧಿಕಾರಿಗಳಂತೆ ಕಾಣುವವರು ಹೆಬ್ಬೆರಳು ಕೇಳಿದಾಗಲೆಲ್ಲ ಏನನ್ನೋ ಕಳೆದುಕೊಂಡ ಅನುಭವವಿದ್ದ ಅರ್ಧಕ್ಕರ್ಧ ಜನ ಆ ದಿನ ಪೇಟೆಯಿಂದಲೇ ಮಾಯವಾದರು. ಉಳಿದವರ ಸರಾಸರಿಯನ್ನು ದಶಾಂಶದ ಎರಡನೆಯ ಸ್ಥಾನದವರೆಗೆ ಲೆಕ್ಕ ಹಾಕಲಾಯಿತು.

ಜನವರಿಯಲ್ಲಿ ಯಂತ್ರವನ್ನು ಸಿರುಗುಪ್ಪದ ಭತ್ತದ ಪೇಟೆಗೆ ಒಯ್ದರು. ಕಾಲೇಜಿನ ಜೀಪು ಓಡಿಸುವ ಪೀರಸಾಬ್ ಅದಕ್ಕೆ ಹಾಸಿಗೆ ಸುತ್ತಿ, ಗುಂಡಿ ಬಂದಲ್ಲೆಲ್ಲ ಬಸುರಿಯನ್ನು ಕೂರಿಸಿಕೊಂಡವನಂತೆ ನಿಧಾನಿಸಿ ತಲುಪಿಸಿದ. ಜನ ಕವಿದುಕೊಂಡರು. ಕರೂರಿನಿಂದ ಭತ್ತ ತಂದಿದ್ದ ಎರ್ರೆಪ್ಪನೆಂಬ ರೈತನನ್ನು ಚಿದಾನಂದಪ್ಪನವರು ಕುರ್ಚಿಯ ಮೇಲೆ ಕೂರಿಸಿ, ಪ್ರಶ್ನಾವಳಿ ತೆರೆದರು.

“ಯಂತ್ರ ಹೆಂಗೈತಿ?”

“ಚೊಲೋ ಐತ್ರಿ.”

“ಒತ್ತಿ ನೋಡ್ರಿ ಮತ್ತ.”

“ನೀವ ಒತ್ರಿ ಸರ. ನಿಮ್ಮ ಕೈ ಸ್ವಚ್ಛ ಅದಾವು.”

“ಬಳಸಾಕ ಏನರ ಕಷ್ಟ ಆತೇನು?”

“ಕಷ್ಟ ಯಾಕ ಆಗ್ತೈತ್ರಿ, ನಾ ಮುಟ್ಟೇ ಇಲ್ಲಲ್ಲ.”

ಚಿದಾನಂದಪ್ಪನವರು ‘ಕಷ್ಟವಿಲ್ಲ’ ಎಂಬುದರ ಮುಂದೆ ಗುರುತು ಹಾಕಿದರು. ಅತಿಥಿಯಾಗಿ ಬಂದವನು ಹೊತ್ತು ತಂದ ವಸ್ತುವನ್ನು ಅವನ ಮುಖದೆದುರಿಗೆ ಹಳಿಯುವುದು ಆ ಸೀಮೆಯಲ್ಲಿ ನಡೆಯುವ ಮಾತಲ್ಲ. ಹೀಗೆ, ಯಂತ್ರವನ್ನು ಯಾರೂ ಒತ್ತಲಿಲ್ಲ, ಎಲ್ಲರೂ ಮೆಚ್ಚಿದರು.

“ಮಂದಿ ಕನ್ಯಾ ನೋಡಾಕ ಬಂದಂಗ ಬರಾಕತ್ತಾರ ಸರ,” ಎಂದ ಪೀರಸಾಬ್, ಜೀಪಿನ ಬಾನೆಟ್ಟಿಗೆ ಒರಗಿ. “ನೋಡ್ತಾರ, ಚೊಲೋ ಐತಿ ಅಂತಾರ, ಉಪ್ಪಿಟ್ಟು ತಿಂದು ಎದ್ದು ಹೋಗ್ತಾರ.”

“ಉಪ್ಪಿಟ್ಟು ನಾವೆಲ್ಲಿ ಕೊಟ್ಟೀವೋ?”

“ಅದ ನೋಡ್ರಿ. ಅದೂ ಇಲ್ಲ.”

ಯಂತ್ರದ ಬೆನ್ನ ಹಿಂದೆಯೇ ಪೇಟೆಯ ವ್ಯಾಪಾರ ಎಂದಿನಂತೆ ನಡೆದಿತ್ತು. ಕೊಳ್ಳುವವನೂ ಮಾರುವವನೂ ಎದುರುಬದುರು ನಿಂತು, ಕೈಗಳ ಮೇಲೆ ಟವೆಲ್ ಮುಚ್ಚಿ, ಅದರ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಒತ್ತುತ್ತಿದ್ದರು. ಹಿಡಿದ ಬೆರಳಿನ ಲೆಕ್ಕವೇ ಬೆಲೆ. ಬಾಯಿಂದ ಒಂದು ಮಾತಿಲ್ಲ. ಒಪ್ಪಿಗೆಯಾದರೆ ತಲೆಯಾಡಿಸುವುದು, ಆಗದಿದ್ದರೆ ಕೈ ಕೊಸರಿಕೊಳ್ಳುವುದು. ಪಕ್ಕದಲ್ಲಿ ನಿಂತವನಿಗೂ ತಿಳಿಯದಂತೆ ಮುಗಿದುಹೋಗುವ ಈ ವ್ಯವಹಾರವನ್ನು ಕುರುಗೋಡಿನಲ್ಲಿ ಹುಟ್ಟಿ ಬೆಳೆದ ಚಿದಾನಂದಪ್ಪನವರು ಬಾಲ್ಯದಿಂದ ಕಂಡಿದ್ದರು. ಆದ್ದರಿಂದಲೇ ನೋಡಲಿಲ್ಲ. ಪರದೆಗೆ ಅಡ್ಡವಾಗುತ್ತದೆಂದು ಆ ಜನಕ್ಕೆ ಸ್ವಲ್ಪ ದೂರ ಸರಿಯಲು ಹೇಳಿದರು.

ಫೆಬ್ರುವರಿಯಲ್ಲಿ ಸಮಿತಿ ಬರುವ ದಿನ ಗೊತ್ತಾಯಿತು. ಪ್ರಶ್ನಾವಳಿಯ ಉತ್ತರಗಳು ಅಷ್ಟೊಂದು ಏಕಪ್ರಕಾರವಾಗಿದ್ದುದು ಸಮಿತಿಯ ಅಧ್ಯಕ್ಷರಲ್ಲಿ ಸಂಶಯ ಹುಟ್ಟಿಸಿತ್ತೋ ಏನೋ, ನಿಜವಾದ ಗ್ರಾಮೀಣ ಬಳಕೆದಾರನೊಬ್ಬ ಯಂತ್ರವನ್ನು ಬಳಸುವುದನ್ನು ತಾವು ಕಣ್ಣಾರೆ ನೋಡಬೇಕೆಂದು ಬರೆದಿದ್ದರು. ಬರುತ್ತೇನೆಂದಿದ್ದ ಎರ್ರೆಪ್ಪ ಕಾಲುವೆಗೆ ನೀರು ಬಿಟ್ಟಿದ್ದಾರೆ, ನಾಟಿ ಶುರುವಾಗಿದೆ ಎಂದು ಹೇಳಿಕಳುಹಿಸಿದ. ಬೇರೆ ದಾರಿ ಕಾಣದೆ ಚಿದಾನಂದಪ್ಪನವರು ಕುರುಗೋಡಿಗೆ ಹೋಗಿ ತಮ್ಮ ತಾಯಿಯ ತಮ್ಮ ಮರಿಬಸಪ್ಪನ ಮುಂದೆ ನಿಂತರು.

ಮರಿಬಸಪ್ಪ ಎತ್ತಿನ ವ್ಯಾಪಾರಿ. ಕುಂಟೆತ್ತಿಗೆ ಕುದುರೆಯ ನಡಿಗೆ ಇದೆಯೆಂದು ನಂಬಿಸುವ ನಾಲಿಗೆ. ಆ ನಾಲಿಗೆಯ ಮೇಲೆ ಅವನಿಗೆ ಅಪಾರ ಅಭಿಮಾನ. ಈಗ ಮಾತ್ರ ಒಂದು ಜೋಡಿ ಅವನ ಕೊಟ್ಟಿಗೆಯಲ್ಲಿ ತಿಂದು ತಿಂದು ಉಬ್ಬುತ್ತಿತ್ತು. ಬಲಗಡೆಯದರ ಹಣೆಯಲ್ಲಿ ಕೆಟ್ಟ ಸುಳಿಯಿತ್ತು, ಅಂಥದ್ದನ್ನು ಕೊಂಡರೆ ಮನೆ ಹಾಳೆಂದು ಸುತ್ತಲಿನ ಊರವರೆಲ್ಲ ಬಲ್ಲರು. ಎಡಗಡೆಯದು ಉಳುವಾಗ ಸಾಲಿನ ನಡುವೆ ಮಲಗಿಬಿಡುತ್ತಿತ್ತು.

“ರೂಪನಗುಡಿಯಿಂದ ಒಬ್ಬ ಬಂದಿದ್ದ ಅಳಿಯಾ, ಸುಳಿ ನೋಡಿ ನೀರೂ ಕುಡೀದ ಹೋದ,” ಎಂದ. “ನಿನ್ನ ಮಿಷಿನ್ನು ಎತ್ತಿನ ರೇಟೂ ಹೇಳ್ತೈತೇನು?”

“ಹೇಳೋ ಹಂಗ ಮಾಡ್ತೀನಿ ಮಾಮ. ನೀ ಬಂದು ಕುಂದರು, ಕೇಳಿದ್ದಕ್ಕ ನಂಬರ್ ಒತ್ತು, ಎದ್ದು ಹೋಗು. ಅಷ್ಟ.”

“ದಿಲ್ಲಿ ಮಂದಿಗೆ ಸುಳಿ ಗೊತ್ತಾಗ್ತೈತೇನು?”

“ಅವರು ಎತ್ತು ನೋಡಾಕ ಬರಾಂಗಿಲ್ಲ, ನಿನ್ನ ನೋಡಾಕ ಬರ್ತಾರ.”

“ನನಗ ಯಾವ ಸುಳಿನೂ ಇಲ್ಲ,” ಎಂದು ಮರಿಬಸಪ್ಪ ಒಪ್ಪಿಕೊಂಡ. ಬಳ್ಳಾರಿಗೆ ಬರುವುದು ಹೇಗೂ ಬರುತ್ತೇನೆ, ಗಿರಾಕಿ ಸಿಕ್ಕರೂ ಸಿಗಬಹುದು ಎಂದು ಜೋಡಿಯನ್ನೂ ಹೊಡೆದುಕೊಂಡು ಬಂದು, ವರ್ಕ್‌ಶಾಪಿನ ಅಂಗಳದ ಬೇವಿನ ಮರಕ್ಕೆ ಕಟ್ಟಿದ.

ಸಮಿತಿಯ ಅಧ್ಯಕ್ಷರು ಬಿಳಿ ಕೂದಲಿನ, ಮೃದು ಮಾತಿನ ಮನುಷ್ಯ. ವಿಚಾರಗೋಷ್ಠಿಗಳ ಮೊದಲ ಸಾಲಿನಲ್ಲಿಯೇ ಆಯುಷ್ಯ ಸವೆಸಿದ್ದರಿಂದ, ಅರ್ಥವಾದ ಮಾತಿಗೆ ಬೇಗನೆ, ಅರ್ಥವಾಗದ ಮಾತಿಗೆ ನಿಧಾನವಾಗಿ ತಲೆಯಾಡಿಸುವ ಅಭ್ಯಾಸ ಅವರಿಗೆ ಅಂಟಿಕೊಂಡಿತ್ತು. ವಿದ್ವಾಂಸರೆಂಬ ಅವರ ಖ್ಯಾತಿಗೆ ಎರಡನೆಯದೇ ಹೆಚ್ಚಿನ ಕಾರಣ. ಗಾಜಿನ ಕೋಣೆಯಲ್ಲಿ ಅವರಿಗೆ, ಉಳಿದಿಬ್ಬರು ಸದಸ್ಯರಿಗೆ, ಪ್ರಾಂಶುಪಾಲರಿಗೆ ಕುರ್ಚಿ ಹಾಕಲಾಗಿತ್ತು. ಅಧ್ಯಾಪಕ ವೃಂದ ಗಾಜಿನಾಚೆ ನಿಂತಿತ್ತು.

ಮರಿಬಸಪ್ಪ ಒಗೆದ ಧೋತರ ಉಟ್ಟು, ಹೆಗಲಿಗೆ ಹೊಸ ಟವೆಲ್ ಹಾಕಿಕೊಂಡು, ಮದುವೆಯ ಬೀಗನಂತೆ ಬಂದು ಕುಳಿತ. ಚಿದಾನಂದಪ್ಪನವರು ದರದರ್ಶಿನಿಯ ಗುಂಡಿಯೊತ್ತಿದರು. ಪರದೆಯ ಮೇಲೆ ಆ ಪ್ರಸಿದ್ಧ ಅಕ್ಷರಗಳು ಮೂಡಿದವು: ‘ನಿಮ್ಮ ಎತ್ತಿನ ಜೋಡಿಗೆ ನೀವು ಹೇಳುವ ಬೆಲೆ ಎಷ್ಟು?’

ಮರಿಬಸಪ್ಪ ಅಕ್ಷರ ಕೂಡಿಸಿ ಓದಿದ. ಹಿಂದೆ ತಿರುಗಿ, ಅದನ್ನೇ ಓದುತ್ತಿದ್ದ ಹತ್ತಾರು ಮುಖಗಳನ್ನು ನೋಡಿದ.

“ಏನ್ಲೇ ಅಳಿಯಾ, ಇದು ಊರ ಮಂದಿ ಮುಂದ ರೇಟ್ ಕೇಳಾಕತ್ತೈತಲ್ಲ. ಮರ್ಯಾದಿ ಬ್ಯಾಡೇನು ಇದಕ?”

“ಮಾಮ, ಸುಮ್ನ ಯಾವುದರ ನಂಬರ್ ಒತ್ತು,” ಎಂದರು ಚಿದಾನಂದಪ್ಪನವರು, ಸಮಿತಿಯ ಕಡೆ ನಗುಮುಖ ಮಾಡಿಕೊಂಡು, ಹಲ್ಲಿನ ಸಂದಿಯಿಂದ.

“ಒತ್ತತೀನಪ. ಒಲ್ಲೆ ಅಂದೆನೇನು? ಹಿಂಗ ಬತ್ತಲಿ ಒತ್ತಾಂಗಿಲ್ಲ.”

ಹೀಗೆಂದವನೇ ಹೆಗಲ ಮೇಲಿನ ಟವೆಲ್ ತೆಗೆದು, ಒಂದು ಸಲ ಝಾಡಿಸಿ, ಪರದೆಯೂ ಕೀಲಿಮಣೆಯೂ ಕೂಡಿ ಮುಚ್ಚುವಂತೆ ಹೊದಿಸಿದ. ಬಲಗೈಯನ್ನು ಅದರ ಕೆಳಗೆ ತೂರಿಸಿದ. ಆಮೇಲೆ ಮುಖದಲ್ಲಿ ಯಾವ ಭಾವವೂ ಇಲ್ಲದೆ, ಎದುರಿನ ಪಾರ್ಟಿ ತನ್ನ ಬೆರಳು ಹಿಡಿಯಲಿ ಎಂದು ಕಾಯುತ್ತ ಕುಳಿತ. ಅವನ ಮೊಣಕೈ ಭಾರಕ್ಕೆ ನಾಲ್ಕಾರು ಕೀಲಿಗಳು ಒತ್ತಿಹೋಗಿ ಯಂತ್ರ ಕುಂಯ್‌ಗುಟ್ಟಿತು.

ಆ ಕ್ಷಣ ಚಿದಾನಂದಪ್ಪನವರ ತಲೆಯಲ್ಲಿ ಒಂದು ಸಂಗತಿ ಸ್ಪಷ್ಟವಾಗಿ ಹೊಳೆಯಿತು. ಸಿರುಗುಪ್ಪದಲ್ಲಿ ಎರ್ರೆಪ್ಪ ಯಾಕೆ ಒತ್ತಲಿಲ್ಲ, ಇಡೀ ಪೇಟೆಗೆ ಪೇಟೆಯೇ ಯಾಕೆ ಒತ್ತಲಿಲ್ಲ ಎಂಬುದು. ಬೆಲೆಯನ್ನು ಮುಚ್ಚಿ ಬದುಕುವ ಜನದ ಎದುರಿಗೆ ಅವರು ಕೊನೆಯ ಗೋಡೆಗೂ ಕಾಣುವ ಅಕ್ಷರಗಳನ್ನು ತಂದಿಟ್ಟಿದ್ದರು. ಮೂರು ವರ್ಷದಲ್ಲಿ ಅವರಿಗೆ ದೊರೆತ ಮೊದಲ ಸತ್ಯ ಅದು, ಅದನ್ನು ಹೇಳಿದ್ದರೆ ಶಾಸ್ತ್ರಕ್ಕೆ ನಿಜವಾಗಿಯೂ ಹೊಸ ಮಾತೊಂದು ಸೇರುತ್ತಿತ್ತು. ಆದರೆ ಅದೇ ಕ್ಷಣ ಗವಿಸಿದ್ದಪ್ಪನವರು ಕೆಮ್ಮಿದರು. ಆ ಕೆಮ್ಮಿನಲ್ಲಿ ಟಿ-ಸ್ಕ್ವೇರ್ ಇತ್ತು.

“ಆತ ಮಾಡುತ್ತಿರುವುದೇನು?” ಎಂದು ಅಧ್ಯಕ್ಷರು ಇಂಗ್ಲಿಷಿನಲ್ಲಿ ಕೇಳಿದರು.

“ಅದು ಬಳಕೆದಾರನ ಗೋಪ್ಯತೆಯ ಆವರಣ, ಸರ್,” ಎಂದರು ಚಿದಾನಂದಪ್ಪನವರು, ಅದೇ ಭಾಷೆಯಲ್ಲಿ. “ಸ್ಥಳೀಯವಾಗಿ ಸಿಗುವ ವಸ್ತುವಿನಿಂದ ರೂಪಿಸಿದ್ದು. ನಮ್ಮ ವಿನ್ಯಾಸದ ಮುಖ್ಯ ಅಂಗ.”

“ಹಾಗಾದರೆ ಬಳಕೆದಾರ ಕೀಲಿಗಳನ್ನು ನೋಡದೆಯೇ ಬಳಸುತ್ತಾನೆ?”

“ಸ್ಪರ್ಶದಿಂದ, ಸರ್.”

ಅಧ್ಯಕ್ಷರಿಗೆ ಹುರುಪು ಬಂದಿತು. ಎದ್ದು ಬಂದು, ಮರಿಬಸಪ್ಪನ ಎದುರಿಗೆ ನಿಂತು, ಟವೆಲ್ಲಿನ ಕೆಳಗೆ ಆಚೆ ಕಡೆಯಿಂದ ತಮ್ಮ ಕೈಯನ್ನು ತೂರಿಸಿದರು. ಇಷ್ಟು ಹೊತ್ತು ಸುಮ್ಮನಿದ್ದ ಎದುರಿನ ಪಾರ್ಟಿ ಕೊನೆಗೂ ಕೈ ಚಾಚಿತೆಂದು ಮರಿಬಸಪ್ಪನಿಗೆ ಸಮಾಧಾನವಾಯಿತು. ಬಂದ ಬೆರಳುಗಳನ್ನು ಗಟ್ಟಿಯಾಗಿ ಹಿಡಿದ.

ಅಧ್ಯಕ್ಷರ ಮುಖದಲ್ಲಿ ಮೊದಲು ಗಾಬರಿಯೂ ಅನಂತರ ವಿದ್ವತ್ತೂ ಕಾಣಿಸಿಕೊಂಡವು. ಅವರು ನಿಧಾನವಾಗಿ ತಲೆಯಾಡಿಸಿದರು. ಹೇಳಿದ ಬೆಲೆಗೆ ಕೊಸರಾಡದೆ ಒಪ್ಪುವ ಗಿರಾಕಿಯನ್ನು ಜನ್ಮದಲ್ಲಿ ಕಾಣದ ಮರಿಬಸಪ್ಪ, ಒಂದು ಗಳಿಗೆ ಯೋಚಿಸಿ, ಇನ್ನೊಂದು ಬೆರಳು ಸೇರಿಸಿ ಒತ್ತಿದ. ಅಧ್ಯಕ್ಷರು ಇನ್ನೂ ನಿಧಾನವಾಗಿ, ಇನ್ನೂ ಆಳವಾಗಿ ತಲೆಯಾಡಿಸಿದರು. ಮರಿಬಸಪ್ಪ ಕೈ ಬಿಟ್ಟ.

“ತೃಪ್ತಿಕರ,” ಎಂದರು ಅಧ್ಯಕ್ಷರು, ಬೆರಳುಗಳನ್ನು ನೀವಿಕೊಳ್ಳುತ್ತ.

ಪ್ರಯೋಗದಲ್ಲಿ ಭಾಗವಹಿಸಿದವನಿಗೆ ಗೌರವಧನ ಕೊಡುವುದು ಆ ಶಾಸ್ತ್ರದ ನಿಯಮ. ಅದನ್ನು ಅಧ್ಯಕ್ಷರ ಹಸ್ತದಿಂದಲೇ ಕೊಡಿಸಬೇಕೆಂದು ಚಿದಾನಂದಪ್ಪನವರು ಮೊದಲೇ ಗೊತ್ತುಮಾಡಿದ್ದರು. ಅಧ್ಯಕ್ಷರು ಹೊಸ ನೋಟೊಂದನ್ನು ಎರಡೂ ಕೈಯಿಂದ ನೀಡಿದರು. ಮರಿಬಸಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಒಳಜೇಬಿಗೆ ಸೇರಿಸಿದ. ಗಾಜಿನಾಚೆಯ ಅಧ್ಯಾಪಕ ವೃಂದ ಚಪ್ಪಾಳೆ ತಟ್ಟಿತು.

ಊಟದ ಹೊತ್ತಿಗೆ ಚಿದಾನಂದಪ್ಪನವರು ವರ್ಕ್‌ಶಾಪಿನ ಅಂಗಳಕ್ಕೆ ಬಂದಾಗ ಮರಿಬಸಪ್ಪ ಎಲೆ-ಅಡಿಕೆ ಮೆಲ್ಲುತ್ತ, ಎತ್ತಿನ ಕೋಡಿಗೆ ಎಣ್ಣೆ ಸವರುತ್ತಿದ್ದ. ಪೀರಸಾಬ್ ಪಕ್ಕದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಬೀಡಿ ಸೇದುತ್ತಿದ್ದ.

“ಚೊಲೋ ಮನುಷ್ಯ ಅದಾನ ನಿಮ್ಮ ಸಾಹೇಬ,” ಎಂದ ಮರಿಬಸಪ್ಪ. “ಮ್ಯಾಲಿಂದ ಮ್ಯಾಲೆ ಎರಡು ಸಲ ಹೂಂ ಅಂದ. ಜೋಡಿ ಎಲ್ಲಿಗೆ ಹೊಡೀಲಿ? ಎಲ್ಲಿ ಇಳಕೊಂಡಾನ?”

“ಯಾವ ಜೋಡಿ?”

“ಯಾವ ಜೋಡಿ ಅಂದ್ರ? ಮಾರಿದ ಜೋಡಿ.”

ಚಿದಾನಂದಪ್ಪನವರಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬೇವಿನ ಕಟ್ಟೆಯ ಮೇಲೆ ಕುಳಿತರು.

“ಮಾಮ, ಅವರು ಎತ್ತು ಕೊಂಡಿಲ್ಲೋ. ಮಿಷಿನ್ ನೋಡಾಕ ಕೈ ಹಾಕಿದ್ರು.”

“ಟವೆಲ್ಲಿನ್ಯಾಗ ಕೈ ಹಾಕಿದ್ದು ಖರೇನೋ ಸುಳ್ಳೋ?”

“ಖರೇ.”

“ಬೆರಳು ಹಿಡಿದಾಗ ಗೋಣು ಹಾಕಿದ್ದು?”

“ಖರೇ, ಆದ್ರ…”

“ಆಮ್ಯಾಲೆ ತನ್ನ ಕೈಲೆ ಸಂಚಕಾರ ಕೊಟ್ಟಿದ್ದು? ನಾನೇನು ಕೇಳಿದ್ನೇನು? ಎರಡೂ ಕೈಲೆ ಕೊಟ್ಟ.” ಮರಿಬಸಪ್ಪ ಜೇಬಿನಿಂದ ಗೌರವಧನವನ್ನು ತೆಗೆದು ತೋರಿಸಿ ಮತ್ತೆ ಒಳಗಿಟ್ಟ. ಸಂಚಕಾರವೆಂದರೆ ಮುಂಗಡ, ಅದು ಕೈ ಸೇರಿದ ಮೇಲೆ ಎತ್ತು ಕೊಂಡವನದೇ ಎಂಬುದು ಕಟ್ಟಳೆ. “ಸಂಚಕಾರ ಬಿದ್ದ ಎತ್ತು ನನ್ನ ಕೊಟ್ಟಿಗ್ಯಾಗ ಉಳದ್ರ, ನಾಳೆ ಸಂತ್ಯಾಗ ನನ್ನ ಟವೆಲ್ಲಿನ್ಯಾಗ ಯಾವ ಮಗ ಕೈ ಇಡ್ತಾನಲೇ?”

“ಆ ಸುಳಿ ಇರೋ ಎತ್ತು…”

“ಸುಳಿ ನೋಡೋದು ಕೊಂಡವನ ಕೆಲಸ. ನಾ ಮುಚ್ಚಿಟ್ಟಿದ್ನೇನು? ಮರಕ್ಕ ಕಟ್ಟಿದ್ದೆ.”

ಪೀರಸಾಬ್ ಬೀಡಿ ಆರಿಸಿದ. “ಸರ, ದಿಲ್ಲಿ ಟ್ರೇನಿಗೆ ಇವಕ ಟಿಕೀಟ್ ಎರಡು ತಗಸ್ಬೇಕೋ, ಕಾಲಿಗೊಂದರಂಗ ಎಂಟೋ?”

ಚಿದಾನಂದಪ್ಪನವರು ಕ್ರಮಬದ್ಧ ಮನುಷ್ಯ, ಯೋಚನೆಯನ್ನೂ ಕ್ರಮಬದ್ಧವಾಗಿಯೇ ಮಾಡಿದರು. ನೀವು ಎತ್ತು ಕೊಂಡಿದ್ದೀರಿ ಎಂದು ಅಧ್ಯಕ್ಷರಿಗೆ ತಿಳಿಸಿದರೆ, ಅವರ ಬೆರಳನ್ನು ಒತ್ತಿದ್ದು ಯಂತ್ರವಲ್ಲ ಎಂಬುದನ್ನೂ ತಿಳಿಸಬೇಕಾಗುತ್ತದೆ. ತಿಳಿಯದ ವಿಷಯಕ್ಕೆ ಎರಡು ಸಲ ತಲೆಯಾಡಿಸಿದಿರಿ ಎಂದು ಹೇಳಿದಂತಾಗುತ್ತದೆ. ಅದನ್ನು ಕೇಳಿದ ಮೇಲೆ ಯಾವ ವಿದ್ವಾಂಸನೂ ಅನುಕೂಲವಾದ ವರದಿ ಬರೆಯಲಾರ. ಮಾಮನನ್ನು ಒತ್ತಾಯದಿಂದ ಹೊರಗಟ್ಟಿದರೆ ಅವನೇ ಅತಿಥಿಗೃಹವನ್ನು ಹುಡುಕಿಕೊಂಡು ಹೋಗುತ್ತಾನೆ. ಮನುಷ್ಯ ಮತ್ತು ಯಂತ್ರದ ನಡುವಣ ಸಂವಹನಕ್ಕಾಗಿ ಬಾಳು ಮುಡುಪಿಟ್ಟವರಿಗೆ, ಇಬ್ಬರು ಮನುಷ್ಯರ ನಡುವೆ ಅದು ನಡೆಯದಂತೆ ನೋಡಿಕೊಳ್ಳುವುದೇ ಈಗ ಉಳಿದ ಕೆಲಸವಾಯಿತು.

“ಎಷ್ಟು ಬೆರಳು ಹಿಡಿದಿದ್ದಿ ಮಾಮ?” ಎಂದು ಸಣ್ಣ ದನಿಯಲ್ಲಿ ಕೇಳಿದರು.

ಮರಿಬಸಪ್ಪ ಸುತ್ತ ನೋಡಿ, ಟವೆಲ್ ಬಿಚ್ಚಿ, ಅಳಿಯನ ಕೈಯ ಮೇಲೆ ಹೊದಿಸಿ, ತೋರಿಸಿದ. ಚಿದಾನಂದಪ್ಪನವರ ಮುಖದ ಬಣ್ಣ ಇಳಿಯಿತು.

ಮರುದಿನ ಬೆಳಿಗ್ಗೆ ಅವರು ಕಂಟೋನ್ಮೆಂಟಿನ ಅತಿಥಿಗೃಹವನ್ನು ತಲುಪುವ ಮೊದಲೇ ಮರಿಬಸಪ್ಪ ತಲುಪಿದ್ದ. ಎತ್ತುಗಳ ಮೈ ತೊಳೆದು, ಕೋಡಿಗೆ ಗೊಂಡೆ, ಕೊರಳಿಗೆ ಗೆಜ್ಜೆ, ಕೆಟ್ಟ ಸುಳಿಯ ಮೇಲೆ ಬಹಳ ಅಗಲವಾದ ಕುಂಕುಮ. ಅಧ್ಯಕ್ಷರು ವರಾಂಡದಲ್ಲಿ ಚಹಾದ ಬಟ್ಟಲು ಹಿಡಿದು, ಮೆಟ್ಟಿಲ ಕೆಳಗೆ ನಿಂತ ಆ ವೈಭವವನ್ನು ಬೆರಗಿನಿಂದ ನೋಡುತ್ತಿದ್ದರು. ಗವಿಸಿದ್ದಪ್ಪನವರು ಕಾರಿನಿಂದ ಇಳಿದು ಇದ್ದಲ್ಲಿಯೇ ನಿಂತಿದ್ದರು.

“ಈತ ಏನು ಹೇಳುತ್ತಿದ್ದಾನೆ?” ಎಂದರು ಅಧ್ಯಕ್ಷರು, ಚಿದಾನಂದಪ್ಪನವರನ್ನು ಕಂಡು ಸಮಾಧಾನಗೊಂಡು.

“ಅಳಿಯಾ, ಸಾಹೇಬ್ರಿಗೆ ಹೇಳು,” ಎಂದ ಮರಿಬಸಪ್ಪ, ವ್ಯಾಪಾರ ಮುಗಿದ ಮೇಲೆ ಮಾತ್ರ ಬರುವ ಪ್ರಾಮಾಣಿಕತೆಯಿಂದ. “ಎಡದ್ದಕ ಒಂದೀಟು ಮಲಗೋ ಚಾಳಿ ಐತಿ. ಬಾಲ ಮುರದ್ರ ಏಳ್ತೈತಿ. ಆಮ್ಯಾಲೆ ಮರಿಬಸಪ್ಪ ಹೇಳಲಿಲ್ಲ ಅನಬಾರದು.”

“ಸರ್, ಯಂತ್ರವನ್ನು ಬಳಸಿ ತನಗೆ ಬಹಳ ಸಂತೋಷವಾಗಿದೆ ಎನ್ನುತ್ತಾನೆ,” ಎಂದು ಚಿದಾನಂದಪ್ಪನವರು ಅನುವಾದಿಸಿದರು. “ತಮ್ಮನ್ನು ಗೌರವಿಸಲು ಬಂದಿದ್ದಾನೆ. ವಿದ್ವಾಂಸರಿಗೆ ಎತ್ತಿನ ಹಗ್ಗ ಮುಟ್ಟಿಸುವುದು ಈ ಸೀಮೆಯ ಹಳೆಯ ಪದ್ಧತಿ.”

ಗವಿಸಿದ್ದಪ್ಪನವರು ಬಾಯಿ ತೆರೆದು ಮುಚ್ಚಿದರು. ಹೊಸ ವಿಭಾಗ ಬಂದರೆ ಹೊಸ ಕಟ್ಟಡವೂ ಬರುತ್ತಿತ್ತು.

ಅಧ್ಯಕ್ಷರ ಕಣ್ಣು ತೇವವಾಯಿತು. ದೇಶದ ಎಷ್ಟೋ ಕಾಲೇಜುಗಳಲ್ಲಿ ಅವರಿಗೆ ಶಾಲು, ಗಂಧದ ಹಾರ, ಹಿತ್ತಾಳೆಯ ದೀಪ ಸಂದಿದ್ದವು, ಇಂಥದ್ದು ಸಂದಿರಲಿಲ್ಲ. ಮೆಟ್ಟಿಲಿಳಿದು ಬಂದು ಕೈ ಚಾಚಿದರು. ಮರಿಬಸಪ್ಪ ಶಿವನನ್ನು ನೆನೆದು ಹಗ್ಗವನ್ನು ಆ ಕೈಯಲ್ಲಿಟ್ಟು, ಬಾಕಿ ಹಣದ ನಿರೀಕ್ಷೆಯಲ್ಲಿ ಮುಖ ನೋಡಿದ. ಅಧ್ಯಕ್ಷರು ಕೈಮುಗಿದರು.

“ರೊಕ್ಕ?” ಎಂದ ಮರಿಬಸಪ್ಪ, ಅಳಿಯನ ಕಡೆ ತಿರುಗಿ.

“ಆತನಿಗೆ ಏನಾದರೂ ಬೇಕೇ?”

“ಆಶೀರ್ವಾದ, ಸರ್.”

ಅಧ್ಯಕ್ಷರು ಮರಿಬಸಪ್ಪನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಆಮೇಲೆ ಕೈಯಲ್ಲಿದ್ದ ಹಗ್ಗವನ್ನೂ ಅದರ ಕೊನೆಯಲ್ಲಿದ್ದ ಎರಡು ಪ್ರಾಣಿಗಳನ್ನೂ ನೋಡಿ ನಕ್ಕರು. “ಇವುಗಳನ್ನು ನಾನು ದೆಹಲಿಗೆ ಒಯ್ಯಲಾರೆ, ಡಾಕ್ಟರ್. ನಿಮ್ಮ ವಿಭಾಗದಲ್ಲಿಯೇ ಇರಲಿ. ಈ ಜನರ ವಿಶ್ವಾಸದ ಗುರುತಾಗಿ ಸಾಕಿಕೊಳ್ಳಿ.” ಹಾಗೆಂದು ಹಗ್ಗವನ್ನು ಚಿದಾನಂದಪ್ಪನವರ ಕೈಗೆ ದಾಟಿಸಿದರು.

ನಿಮ್ಮ ವಿಭಾಗ ಎಂಬ ಮಾತನ್ನು ಪ್ರಾಂಶುಪಾಲರೂ ಕೇಳಿಸಿಕೊಂಡರು, ಚಿದಾನಂದಪ್ಪನವರೂ ಕೇಳಿಸಿಕೊಂಡರು. ಮರಿಬಸಪ್ಪ ಕಂಡದ್ದು ಹಗ್ಗ ಕೈ ಬದಲಿಸಿದ್ದನ್ನು ಮಾತ್ರ.

“ಹಂಗಾದ್ರ ಮುಂದಿನ ಮಾತು ನಿನ್ನ ಕೂಡ ಆತಿನ್ನ,” ಎಂದ. “ನೀ ಮನಿ ಮಗ. ಅವಸರ ಇಲ್ಲ. ಪಗಾರ ಬಂದಾಗ ಬರ್ತೀನಿ.”

ಸೂಟು ಧರಿಸಿದ, ಟೈ ಕಟ್ಟಿದ ಚಿದಾನಂದಪ್ಪನವರು ಅಂದು ಕಂಟೋನ್ಮೆಂಟಿನಿಂದ ಕಾಲೇಜಿನವರೆಗೆ ಜೋಡೆತ್ತು ಹಿಡಿದುಕೊಂಡು ನಡೆದರು. ಎಡಗಡೆಯದು ರೈಲ್ವೆ ಗೇಟಿನ ಬಳಿ ಒಮ್ಮೆ ಮಲಗಿತು. ಜೀಪಿನಲ್ಲಿ ಹಿಂದೆಯೇ ಬರುತ್ತಿದ್ದ ಪೀರಸಾಬ್ ಇಳಿದು ಬಾಲ ಮುರಿದ.

ಸಮಿತಿಯ ಒಪ್ಪಿಗೆ ಮಾರ್ಚಿನೊಳಗೆ ತಂತಿಯಲ್ಲಿ ಬಂದು, ಹುದ್ದೆ ಮಂಜೂರಾಯಿತು. ಮಾನವ-ಗಣಕ ಸಂವಹನ ವಿಭಾಗಕ್ಕೆ ಹೊಸ ಕಂಪ್ಯೂಟರ್ ಬರುವುದು ತಡವಾದ ಕಾರಣ, ಕೆಲವು ಕಾಲ ಆ ಜೋಡಿಯೇ ವಿಭಾಗದ ಮುಖ್ಯ ಸಲಕರಣೆಯಾಗಿ ದಾಖಲೆಯಲ್ಲಿತ್ತು. ಗವಿಸಿದ್ದಪ್ಪನವರು ಅದನ್ನು ತೋಟಕ್ಕೆ ನೀರಿನ ಪೀಪಾಯಿ ಎಳೆಯಲು ಹಚ್ಚಿದರು. ಹುಡುಗರಿಗೆ ಹೊಸ ಪಾಠ ಬಂದಿತು: ‘ಗೋಪ್ಯತೆಯ ಆವರಣ: ತತ್ವ ಮತ್ತು ಅನ್ವಯ’. ಹದಿನೈದು ಅಂಕದ ಪ್ರಶ್ನೆ. ಪ್ರಯೋಗಾಲಯಕ್ಕೆ ಟವೆಲ್ಲುಗಳನ್ನು ಟೆಂಡರ್ ಕರೆದು ತರಿಸಿದರು. ಸಿರುಗುಪ್ಪದ ಪೇಟೆಗೆ ಮತ್ತೆ ಯಾರೂ ಯಂತ್ರವನ್ನು ಒಯ್ಯಲಿಲ್ಲ. ಅದರ ಅಗತ್ಯವೂ ಕಾಣಲಿಲ್ಲ.

ಏಪ್ರಿಲ್ಲಿನಲ್ಲಿ ಸಮಿತಿಯ ಪೂರ್ಣ ವರದಿಯ ಕರಡು ದೆಹಲಿಯಿಂದ ಬಂದಿತು. ವಿವರಗಳಲ್ಲಿ ತಪ್ಪಿದ್ದರೆ ತಿದ್ದಿ, ಸರಿಯಾಗಿದೆಯೆಂದು ಸಹಿ ಹಾಕಿ ಕಳುಹಿಸಬೇಕೆಂದು ಪ್ರೊಫೆಸರ್ ಚಿದಾನಂದಪ್ಪನವರಿಗೆ ಸೂಚನೆಯಿತ್ತು. ಅವರು ಬಾಗಿಲು ಹಾಕಿಕೊಂಡು, ಕೆಂಪು ಶಾಯಿಯ ಪೆನ್ನು ಹಿಡಿದು, ಸಾಲು ಸಾಲಾಗಿ ಓದಿದರು. ‘ಯಂತ್ರದ ಸ್ಪರ್ಶ-ಪ್ರತಿಕ್ರಿಯೆ ದೃಢವೂ ನಿಸ್ಸಂದಿಗ್ಧವೂ ಆಗಿದ್ದಿತು. ನಾನೇ ಸ್ವತಃ ಕೈಯಿಟ್ಟು ಪರೀಕ್ಷಿಸಿದ್ದೇನೆ. ಸಿರುಗುಪ್ಪ ತಾಲೂಕಿನ ಕುರುಗೋಡು ಗ್ರಾಮದಿಂದ ಬಂದ, ಯಾವ ತರಬೇತಿಯೂ ಇಲ್ಲದ ಬಳಕೆದಾರನು ಯಂತ್ರದೊಡನೆ ಕೆಲವೇ ಕ್ಷಣಗಳಲ್ಲಿ ಪೂರ್ಣ ಒಪ್ಪಂದಕ್ಕೆ ಬಂದನು.’

ಚಿದಾನಂದಪ್ಪನವರ ಪೆನ್ನು ಆ ಸಾಲುಗಳ ಮೇಲೆ ಬಹಳ ಹೊತ್ತು ನಿಂತಿತು. ಕೊನೆಗೆ ‘ಸಿರುಗುಪ್ಪ ತಾಲೂಕಿನ’ ಎಂಬುದನ್ನು ನೇರವಾಗಿ ಹೊಡೆದು, ಮೇಲೆ ‘ಬಳ್ಳಾರಿ ತಾಲೂಕಿನ’ ಎಂದು ಬರೆದು, ಕೆಳಗೆ ಸಹಿ ಮಾಡಿದರು. ತಪ್ಪು ಮಾಹಿತಿಯೊಂದು ತಮ್ಮ ಹೆಸರಿನಲ್ಲಿ ಹೊರಗೆ ಹೋಗುವುದನ್ನು ಅವರು ಯಾವ ಕಾಲಕ್ಕೂ ಸಹಿಸಿದವರಲ್ಲ.